ಶಿವರಾತ್ರಿಗೆ ಹೋಗದ ಚಳಿ

ಪ್ರೀತಿಯ ಪುಟ್ಟಾ,

'ದೊಡ್ಡಮ್ಮಾ, ಯುಗಾದಿ ಆಯ್ತಲ್ಲ, ಹೀಟರ್ ಎಲ್ಲಾ ಆಫ್ ಮಾಡಿಬಿಟ್ಟೆ' ಅಂತ ನಿನ್ನೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದೆ. ಆಗ ನಾನು ನಕ್ಕು ಸುಮ್ಮನಾದೆ. ರಾತ್ರಿ ಅದೇ ಯೋಚನೆ, ಅದಕ್ಕೇ ಈ ಕಾಗದ.

ನಮ್ಮೂರಲ್ಲಿ ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ. ಜರ್ಮನಿಯ ಚಳಿಗೆ ನಮ್ಮ ಪಂಚಾಂಗ ಗೊತ್ತಿಲ್ಲ. ಮ್ಯೂನಿಕ್‌ನಲ್ಲಿ ಏಪ್ರಿಲ್ ತಿಂಗಳ ಹಿಮವನ್ನು ನಾನೇ ಬಾಲ್ಕನಿಯಿಂದ ಗುಡಿಸಿದ್ದೇನೆ. ಪಕ್ಕದ ಮನೆ ಅಜ್ಜಿ ಮೇ 15, ಅಂದರೆ ಚಳಿಯ ಕೊನೆಯ ದಿನ ಅಂತ ಇಲ್ಲಿಯವರು ನಂಬುವ 'ತಣ್ಣನೆ ಸೋಫಿ'ಯ ದಿನ ಕಳೆಯದೆ ಟೊಮೆಟೊ ಸಸಿ ಹೊರಗಿಡುವುದೇ ಇಲ್ಲ.

ಮೊದಲ ವರ್ಷ ನಾನೂ ನಿನ್ನ ಹಾಗೇ ಮಾಡಿದ್ದೆ. ಮಾರ್ಚ್ ಕೊನೆಗೆ ನಾಲ್ಕು ದಿನ ಒಳ್ಳೆ ಬಿಸಿಲು ಬಂತು. ಹೀಟರುಗಳ ಗುಂಡಿಯನ್ನೆಲ್ಲ ಸೊನ್ನೆಗೆ ತಿರುಗಿಸಿದೆ. ಆಮೇಲೆ ಚಳಿ ಮರಳಿದರೂ ಹಟ, ಸ್ವೆಟರ್ ಹಾಕಿಕೊಂಡು ಕೂತೆ. ಮೂರು ವಾರ ಬಿಟ್ಟು ಮಲಗುವ ಕೋಣೆಯ ಬೀರು ಸರಿಸಿದರೆ ಹಿಂದಿನ ಗೋಡೆಯಲ್ಲಿ ಅಂಗೈಯಗಲ ಕಪ್ಪು ಬೂಷ್ಟು! ಒಂದು ರೇಷ್ಮೆ ಸೀರೆಯ ಅಂಚಿಗೂ ಹತ್ತಿತ್ತು. ಸಾರಿನ ಹಬೆ, ಸ್ನಾನದ ಹಬೆ, ಒಗೆದ ಬಟ್ಟೆಯ ತೇವ, ಎಲ್ಲಾ ಹೋಗಿ ತಣ್ಣಗಿದ್ದ ಆ ಗೋಡೆಗೆ ಕೂತು ನೀರಾಗಿತ್ತು. ಹೊರಗೆ ಬಿಸಿಲು ಬಂದ ಮಾತ್ರಕ್ಕೆ ಉತ್ತರದ ಗೋಡೆ ಬೆಚ್ಚಗಾಗುವುದಿಲ್ಲ ಕಣೋ. ಅದಕ್ಕೆ ವಾರಗಟ್ಟಲೆ ಬೇಕು.

ನೀನು ಉಳಿಸುತ್ತೇನೆ ಅಂದುಕೊಂಡಿರುವುದೂ ಅಷ್ಟು ಜಾಸ್ತಿ ಏನಲ್ಲ. ಆ ಗುಂಡಿ ಫ್ಯಾನಿನ ರೆಗ್ಯುಲೇಟರ್ ಅಲ್ಲ, ಥರ್ಮೋಸ್ಟಾಟ್. 3ಕ್ಕೆ ಇಟ್ಟರೆ ಕೋಣೆ ಸುಮಾರು 20 ಡಿಗ್ರಿ ಆಗುತ್ತಲೇ ಹೀಟರಿನೊಳಗೆ ಹರಿಯುವ ಬಿಸಿನೀರು ತಾನೇ ನಿಲ್ಲುತ್ತದೆ. ಬಿಸಿಲು ಬಂದ ಮಧ್ಯಾಹ್ನ ಅದು ಹೇಗೂ ಸುಮ್ಮನೆ ಕೂತಿರುತ್ತದೆ. ಈಗ 2ಕ್ಕೆ ಇಳಿಸಿಬಿಡು, ಸಾಕು. ದುಡ್ಡು ಪೋಲಾಗುವುದು ಕಿಟಕಿಯನ್ನು ದಿನವಿಡೀ ಅರೆ ಓರೆ ಮಾಡಿ ಬಿಟ್ಟಾಗ. ಬೆಳಿಗ್ಗೆ ಸಂಜೆ ಗುಂಡಿ ಸೊನ್ನೆಗೆ ತಿರುಗಿಸಿ, ಕಿಟಕಿ ಪೂರ್ತಿ ತೆಗೆದು, ಹತ್ತು ನಿಮಿಷ ಗಾಳಿಯಾಡಿಸಿ ಮುಚ್ಚು.

ಯಾವಾಗ ಆರಿಸುವುದು ಅಂತೀಯಾ? ಹಗಲೊಂದನ್ನೇ ನೋಡಬೇಡ, ರಾತ್ರಿಯನ್ನೂ ನೋಡು. ಹಗಲು ರಾತ್ರಿ ಸೇರಿಸಿ ಹೊರಗಿನ ಸರಾಸರಿ 15 ಡಿಗ್ರಿ ದಾಟಿ ಒಂದು ವಾರ ನಿಂತರೆ, ಬೆಳಗಿನ ಜಾವ ಬೀರುವಿನ ಹಿಂದಿನ ಗೋಡೆಗೆ ಅಂಗೈ ಇಟ್ಟು ನೋಡು. ಕೊರೆಯುವಷ್ಟು ತಣ್ಣಗೆ ಇಲ್ಲದಿದ್ದರೆ ಆರಿಸಬಹುದು. ನನಗೆ ಇನ್ನೊಂದು ಗುರುತಿದೆ, ನೀನು ನಗುತ್ತೀಯ: ಚಳಿಗಾಲವಿಡೀ ಹೀಟರ್ ಪಕ್ಕ ಇಡುವ ದೋಸೆ ಹಿಟ್ಟು ಕಟ್ಟೆಯ ಮೇಲೇ ಉಬ್ಬಲು ಶುರುವಾದರೆ ಬೇಸಿಗೆ ಬಂತು ಅಂತ.

ಕಟ್ಟಡದ ಬಾಯ್ಲರ್ ಬೇಸಿಗೆಗೆ ನಿಲ್ಲಿಸಿದ ಮೇಲೆ ಗುಂಡಿಗಳನ್ನು 5ಕ್ಕೆ ತಿರುಗಿಸಿಡು. ಇಲ್ಲದಿದ್ದರೆ ಒಳಗಿನ ಕಡ್ಡಿ ಸಿಕ್ಕಿಕೊಂಡು ಅಕ್ಟೋಬರ್‌ನಲ್ಲಿ ಒದ್ದಾಡುತ್ತೀಯ.

ಕರಿಬೇವಿನ ಕುಂಡ ಇನ್ನೂ ಒಳಗೇ ಇದೆ. ನಿನಗೊಂದು ಸಸಿ ಎತ್ತಿಟ್ಟಿದ್ದೇನೆ. ಸೋಫಿ ಹೋದ ಮೇಲೆ ಬಂದು ಒಯ್ಯಿ.

ನಿನ್ನ
ದೊಡ್ಡಮ್ಮ