ಪೋಷಕರಿಗೆ ಪತ್ರ: ಹೈಟಿಯ ಹೊಸ ಕಲಾವಿದರ ಪ್ರದರ್ಶನಕ್ಕೆ ಮಕ್ಕಳ ಭೇಟಿ

ಮಾನ್ಯ ಪೋಷಕರೇ,

ಸಪ್ರೇಮ ನಮಸ್ಕಾರಗಳು.

ಮುಂದಿನ ತಿಂಗಳ ಎರಡನೆಯ ಭಾನುವಾರ ನಮ್ಮ ಕನ್ನಡ ಶಾಲೆಯ ಮೂರನೆಯ ಹಂತ ಮತ್ತು ಅದಕ್ಕೆ ಮೇಲಿನ ಮಕ್ಕಳನ್ನು ಮಯಾಮಿಯ ಲಿಟಲ್ ಹೈಟಿ ಬಡಾವಣೆಯ ಒಂದು ಚಿಕ್ಕ ಗ್ಯಾಲರಿಗೆ ಕರೆದೊಯ್ಯಲು ನಿಶ್ಚಯಿಸಿದ್ದೇವೆ. ಈಗಷ್ಟೇ ಬೆಳಕಿಗೆ ಬರುತ್ತಿರುವ, ಕೆರಿಬಿಯನ್ ದೇಶವಾದ ಹೈಟಿಯ ಕಲಾವಿದರ ಚಿತ್ರಗಳು, ತಗಡಿನ ಶಿಲ್ಪಗಳು ಮತ್ತು ಮಣಿ ಪೋಣಿಸಿದ ಪತಾಕೆಗಳು ಅಲ್ಲಿ ಪ್ರದರ್ಶನಕ್ಕಿವೆ. ಈ ವಿಷಯ ತಿಳಿಸಿದಾಗ ತಮ್ಮಲ್ಲಿ ಕೆಲವರು ಎರಡು ಪ್ರಶ್ನೆಗಳನ್ನು ಎತ್ತಿದಿರಿ. ಕನ್ನಡ ಕಲಿಕೆಯ ಸಮಯವನ್ನು ಹೈಟಿಯ ಕಲೆಗೆ ಏಕೆ ಕೊಡಬೇಕು ಎಂಬುದು ಒಂದು. ವೂಡೂ ಎಂಬ ಹೈಟಿಯ ಧರ್ಮದ ನಂಟಿರುವ ಕೃತಿಗಳನ್ನು ಮಕ್ಕಳಿಗೆ ತೋರಿಸುವುದು ಸರಿಯೇ ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ ಆದ್ದರಿಂದ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಮಕ್ಕಳು ಹಬ್ಬ, ಊಟ, ಅಜ್ಜಿಮನೆಯ ಬಗ್ಗೆ ಕನ್ನಡದಲ್ಲಿ ಸರಾಗವಾಗಿ ಬರೆಯುತ್ತಾರೆ. ಕೈಕೆಲಸದ ಮಾತು ಬಂದರೆ ತಡವರಿಸುತ್ತಾರೆ. ಕಳೆದ ಪರೀಕ್ಷೆಯಲ್ಲಿ ‘ಉಳಿ’ ಎಂಬ ಪದಕ್ಕೆ ಎಲ್ಲರೂ ‘ಉಳಿದುಕೊಳ್ಳುವುದು’ ಎಂದೇ ಅರ್ಥ ಬರೆದಿದ್ದರು. ತಪ್ಪೆನ್ನುವಂತಿಲ್ಲ, ಅಂಕ ಕೊಟ್ಟಿದ್ದೇವೆ. ಆದರೆ ಬಡಗಿಯ ಉಳಿ, ಕಮ್ಮಾರನ ಉಳಿ ಒಬ್ಬರಿಗೂ ಹೊಳೆದಿರಲಿಲ್ಲ. ಹೈಟಿಯ ತಗಡಿನ ಶಿಲ್ಪದಲ್ಲಿ ಇರುವುದೆಲ್ಲ ಉಳಿ ಮತ್ತು ಸುತ್ತಿಗೆಯ ಕೆಲಸವೇ. ಖಾಲಿಯಾದ ಎಣ್ಣೆ ಡ್ರಮ್ಮಿನ ಎರಡೂ ಮುಚ್ಚಳಗಳನ್ನು ಕತ್ತರಿಸಿ ತೆಗೆದು, ಒಳಗೆ ಒಣಹುಲ್ಲು ತುಂಬಿ ಬೆಂಕಿ ಹಚ್ಚಿ ಜಿಡ್ಡನ್ನು ಸುಟ್ಟು, ಉದ್ದಕ್ಕೆ ಸೀಳಿ ಬಡಿದು ಚಪ್ಪಟೆ ಮಾಡಿ, ಸೀಮೆಸುಣ್ಣದಲ್ಲಿ ಚಿತ್ರ ಬರೆದುಕೊಂಡು, ಆ ಗೆರೆಯ ಮೇಲೆ ಉಳಿಯಿಟ್ಟು ಹೊಡೆಯುತ್ತಾ ಹೋಗುತ್ತಾರೆ. ಈ ಪದ್ಧತಿಗೆ ಮೂಲಪುರುಷನೆನಿಸಿದ ಜಾರ್ಜ್ ಲಿಯೊತೊ, ಕ್ರ್ವಾ ದೆ ಬೂಕೆ ಎಂಬ ಊರಿನ ಕಮ್ಮಾರ. ಸ್ಮಶಾನಕ್ಕೆ ಕಬ್ಬಿಣದ ಶಿಲುಬೆಗಳನ್ನು ಮಾಡಿಕೊಡುತ್ತಿದ್ದವರು. ಆ ಊರಿನಲ್ಲಿ ಸುತ್ತಿಗೆಯ ಸದ್ದು ಅವರ ನಂತರವೂ ದಶಕಗಳ ಕಾಲ ಕೇಳುತ್ತಿತ್ತು.

ಲಿಯೊತೊ ಅವರ ಶಿಲುಬೆಗಳು 1953ರಲ್ಲಿ ಕಣ್ಣಿಗೆ ಬಿದ್ದದ್ದು ಡೆವಿಟ್ ಪೀಟರ್ಸ್ ಅವರಿಗೆ. ಇಂಗ್ಲಿಷ್ ಕಲಿಸಲು ಹೈಟಿಗೆ ಹೋಗಿದ್ದ ಈ ಅಮೆರಿಕನ್ ಚಿತ್ರಕಾರರು 1944ರಲ್ಲಿ ಅಲ್ಲಿನವರೊಡನೆ ಸೇರಿ ರಾಜಧಾನಿ ಪೋರ್ಟ್ ಔ ಪ್ರಿನ್ಸ್‌ನಲ್ಲಿ ‘ಸಾಂತ್ರ್ ದಾರ್’ ಎಂಬ ಕಲಾಕೇಂದ್ರವನ್ನು ತೆರೆದರು. ಮನೆಗಳಿಗೆ ಬಣ್ಣ ಬಳಿಯುತ್ತಿದ್ದ, ಕೋಳಿ ಗರಿಯನ್ನೇ ಕುಂಚವಾಗಿಸಿಕೊಂಡಿದ್ದ ವೂಡೂ ಪೂಜಾರಿ ಎಕ್ತೋರ್ ಇಪೊಲಿತ್ ಆ ಕೇಂದ್ರದ ಮೂಲಕವೇ ಹೆಸರಾದರು. ಇಂಥವರ ಕೆಲಸವನ್ನು ‘ಮುಗ್ಧ ಕಲೆ’ ಎಂದು ಕರೆಯುವ ವಾಡಿಕೆ ಬಹುಕಾಲ ನಡೆಯಿತು. ನನಗದು ಒಪ್ಪಿಗೆಯಿಲ್ಲ; ಶಾಲೆಯಲ್ಲಿ ಕಲಿಯದವನಿಗೆ ಕಸುಬಿನ ಜ್ಞಾನವಿಲ್ಲವೆಂದು ಶಾಲೆಯವರಾದ ನಾವೇ ಹೇಳಿದರೆ ಹೇಗೆ?

ಪತಾಕೆಗಳ ವಿಷಯ ತಾಯಂದಿರಿಗೆ ಇನ್ನೂ ಹತ್ತಿರದ್ದು. ಮದುವೆಯ ಉಡುಪು ಹೊಲಿಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮಿರ್ಲಾಂದ್ ಕೊನ್ಸ್ತಾಂ, ಅಲ್ಲಿ ಕಲಿತ ಮಣಿ ಕಸೂತಿಯನ್ನು 1990ರ ದಶಕದಲ್ಲಿ ವೂಡೂ ಪತಾಕೆಗಳಿಗೆ ತಂದರು. 2022ರಲ್ಲಿ ಆ ಪತಾಕೆಗಳು ಇಟಲಿಯ ಅಂತರರಾಷ್ಟ್ರೀಯ ಕಲಾಮೇಳವಾದ ವೆನಿಸ್ ಬಿನಾಲೆಯಲ್ಲಿ ಪ್ರದರ್ಶನಗೊಂಡವು. ಚೌಕಟ್ಟಿಗೆ ಬಟ್ಟೆಯನ್ನು ಬಿಗಿದು ಕೊಕ್ಕೆಸೂಜಿಯಿಂದ ಮಣಿ ಕೂರಿಸುವ ಈ ವಿಧಾನ ನಮ್ಮ ಮದುವೆ ರವಿಕೆಗಳ ಆರಿ ವರ್ಕ್‌ಗೆ ಒಡಹುಟ್ಟು. ಈ ಕಸೂತಿ ಬಲ್ಲ ತಾಯಂದಿರು ಜೊತೆಗೆ ಬಂದರೆ ಮಕ್ಕಳಿಗೆ ನನಗಿಂತ ಚೆನ್ನಾಗಿ ವಿವರಿಸಬಲ್ಲರು.

ಇನ್ನು ಎರಡನೆಯ ಪ್ರಶ್ನೆ. ಸಿನಿಮಾಗಳು ತೋರಿಸುವ, ಸೂಜಿ ಚುಚ್ಚಿದ ಗೊಂಬೆಗೂ ಹೈಟಿಯ ಜನ ನಡೆದುಕೊಳ್ಳುವ ವೂಡೂ ಧರ್ಮಕ್ಕೂ ಬಹಳ ದೂರ. ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕನ್ನರು ಉಳಿಸಿಕೊಂಡು ಬಂದ ನಂಬಿಕೆಗಳಲ್ಲಿ ಬೇರುಬಿಟ್ಟ ಈ ಧರ್ಮಕ್ಕೆ 2003ರಲ್ಲಿ ಹೈಟಿ ಸರ್ಕಾರ ಅಧಿಕೃತ ಮಾನ್ಯತೆ ನೀಡಿತು. ‘ಲ್ವಾ’ ಎಂಬ ದೈವಗಳನ್ನು ಆವಾಹಿಸಲು ಹಿಟ್ಟಿನಿಂದ ನೆಲದ ಮೇಲೆ ‘ವೆವೆ’ ಎಂಬ ಗೆರೆಚಿತ್ರ ಬಿಡಿಸುತ್ತಾರೆ. ದೈವ ಮೈಮೇಲೆ ಬರುತ್ತದೆಂದು ನಂಬುತ್ತಾರೆ. ರಂಗೋಲಿಯನ್ನೂ ತುಳುನಾಡಿನ ಭೂತಕೋಲವನ್ನೂ ಕಂಡ ನಮಗೆ ಇದರಲ್ಲಿ ಬೆಚ್ಚುವಂಥದ್ದು ಇರಬಾರದು. ಗ್ಯಾಲರಿಯಲ್ಲಿ ಪೂಜೆಯೇನೂ ನಡೆಯುವುದಿಲ್ಲ; ಯಾವ ಮಗುವೂ ಕೈಮುಗಿಯಬೇಕಿಲ್ಲ, ಹಾಗೆಯೇ ಯಾರೂ ನಗಲೂ ಬಾರದು. ಆದರೆ ಪೋರ್ಟ್ ಔ ಪ್ರಿನ್ಸ್‌ನ ಗ್ರಾಂಡ್ ರ್‍ಯೂ ಬೀದಿಯ ಶಿಲ್ಪಿಗಳ ಶೈಲಿಯಲ್ಲಿ ಹಳೆಯ ಟೈರು, ಕಾರಿನ ಬಿಡಿಭಾಗಗಳಿಂದ ಮಾಡಿದ ಕೆಲವು ಶಿಲ್ಪಗಳಲ್ಲಿ ತಲೆಬುರುಡೆಯ ಆಕಾರಗಳಿವೆ. ಅಂಜುವ ಸ್ವಭಾವದ ಮಕ್ಕಳಿದ್ದರೆ ದಯವಿಟ್ಟು ಮೊದಲೇ ತಿಳಿಸಿ. ಅವರನ್ನು ಚಿತ್ರಗಳ ಕೋಣೆಯಲ್ಲೇ ಉಳಿಸಿಕೊಳ್ಳುತ್ತೇವೆ.

ಪ್ರತಿ ಮಗುವೂ ಒಂದೇ ಒಂದು ಕೃತಿಯನ್ನು ಆರಿಸಿಕೊಂಡು, ಅದನ್ನು ಹೇಗೆ ಮಾಡಿರಬಹುದು ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಬರೆಯಬೇಕು. ‘ತುಂಬಾ ಚೆನ್ನಾಗಿದೆ’ ಎಂಬ ವಾಕ್ಯಕ್ಕೆ ಅಂಕವಿಲ್ಲ. ಪುಟವನ್ನು ಮನೆಯಲ್ಲಿ ತಾವು ತಿದ್ದಿಕೊಡುವುದು ಬೇಡ. ಪದ ಕೇಳಿದರೆ ಮಾತ್ರ ಹೇಳಿ, ತಮಗೂ ತೋಚದಿದ್ದರೆ ಊರಿಗೆ ಫೋನು ಮಾಡಿ ಅಜ್ಜ ಅಜ್ಜಿಯರನ್ನು ವಿಚಾರಿಸಿ.

ಕೃತಿಗಳನ್ನು ಮುಟ್ಟುವಂತಿಲ್ಲ, ಅನುಮತಿ ಪಡೆಯದೆ ಫೋಟೊ ತೆಗೆಯುವಂತಿಲ್ಲ. ಕೊಳ್ಳಬಯಸುವ ಪೋಷಕರು ದಯವಿಟ್ಟು ಮಕ್ಕಳ ಎದುರು ಚೌಕಾಸಿ ಮಾಡಬಾರದೆಂದು ಕೋರುತ್ತೇನೆ. ಇದರೊಂದಿಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಕಾರಿನಲ್ಲಿ ಎಷ್ಟು ಮಕ್ಕಳನ್ನು ಕರೆತರಬಲ್ಲಿರಿ ಎಂಬುದನ್ನೂ ನಮೂದಿಸಿ, ಮುಂದಿನ ತರಗತಿಗೆ ಮಗುವಿನ ಕೈಯಲ್ಲಿ ಕಳುಹಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ