ತೊಂದರೆ ತಲೆಯಲ್ಲಿ, ವೈರು ಎದೆಗೆ ಯಾಕೆ?

ಸಂಪಾದಕರೇ,

ಪಾರ್ಶ್ವವಾಯು, ಅಂದರೆ ಸ್ಟ್ರೋಕ್ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನ ಓದಿದೆ. ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು, ತಡ ಮಾಡದೆ ಆಸ್ಪತ್ರೆಗೆ ಓಡುವುದು, ಸಿ.ಟಿ. ಸ್ಕ್ಯಾನ್, ಎಲ್ಲ ಚೆನ್ನಾಗಿ ಬಂದಿದೆ. ಆದರೆ ಇಡೀ ಪುಟದಲ್ಲಿ ಹೃದಯದ ಸುದ್ದಿಯೇ ಇಲ್ಲ. ಎದೆಗೆ ವೈರು ಅಂಟಿಸಿ ಹೃದಯದ ಬಡಿತವನ್ನು ಕಾಗದದ ಮೇಲೆ ಮೂಡಿಸುತ್ತಾರಲ್ಲ, ಆ ಇಸಿಜಿ ಅನ್ನುವ ಪದ ಒಂದು ಸಲವೂ ಬಂದಿಲ್ಲ. ಅದಕ್ಕೇ ಈ ಪತ್ರ.

ನಮ್ಮಪ್ಪನಿಗೆ ಮೊದಲ ಸಲ ಲಕ್ವ ಹೊಡೆದಾಗ ನರ್ಸ್ ಬಂದು ಎದೆಗೆ ವೈರು ಅಂಟಿಸತೊಡಗಿದರು. ತೊಂದರೆ ಆಗಿರುವುದು ತಲೆಯಲ್ಲಿ, ಎದೆಗೆ ಯಾಕ್ರೀ ವೈರು ಅಂತ ನಾನು ರೇಗಿದೆ. ಪಾಪ, ಅವರಿಗೆ ಉತ್ತರ ಕೊಡುವಷ್ಟು ಪುರುಸೊತ್ತು ಇರಲಿಲ್ಲ. ಕಾಗದ ಹೊರಗೆ ಬಂತು, ನಾರ್ಮಲ್ ಅಂದರು, ಅಲ್ಲಿಗೆ ನಾನೂ ಅದನ್ನು ಮರೆತೆ. ಆಸ್ಪಿರಿನ್ ಬರೆದು ಮನೆಗೆ ಕಳಿಸಿದರು. ಏಳು ತಿಂಗಳ ಮೇಲೆ ಎರಡನೇ ಸಲ ಹೊಡೆಯಿತು. ಈ ಸಲ ತೆಗೆದ ಇಸಿಜಿಯಲ್ಲಿ ಬಡಿತ ತಾಳ ತಪ್ಪಿದ್ದು ಎದ್ದು ಕಾಣುತ್ತಿತ್ತು. ಏಟ್ರಿಯಲ್ ಫಿಬ್ರಿಲೇಷನ್ ಅಂದರು.

ಡಾಕ್ಟರು ಬಿಡಿಸಿ ಹೇಳಿದ್ದು ಇಷ್ಟು. ಹೃದಯದ ಮೇಲಿನ ಎರಡು ಕೋಣೆಗಳು ಸರಿಯಾಗಿ ಹಿಂಡಿಕೊಳ್ಳದೆ ಸುಮ್ನೆ ಅದುರುತ್ತಿರುತ್ತವೆ. ಆಗ ರಕ್ತ ಸರಾಗವಾಗಿ ಮುಂದಕ್ಕೆ ಸಾಗದೆ ಅಲ್ಲಲ್ಲಿ ನಿಲ್ಲುತ್ತದೆ. ಎಡಗಡೆಯ ಕೋಣೆಗೆ ಒಂದು ಪುಟ್ಟ ಚೀಲದ ಹಾಗಿನ ಮೂಲೆ ಇದೆ, ನಿಂತ ರಕ್ತ ಹೆಚ್ಚಾಗಿ ಅಲ್ಲೇ ಹೆಪ್ಪುಗಟ್ಟುವುದು. ಆ ಹೆಪ್ಪು ಒಂದು ದಿನ ಕಳಚಿಕೊಂಡು, ಕುತ್ತಿಗೆಯ ರಕ್ತನಾಳ ಹಿಡಿದು ಮೇಲೆ ಹೋಗಿ, ಮಿದುಳಿನಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಅದೇ ಸ್ಟ್ರೋಕ್. ರಕ್ತನಾಳ ಕಟ್ಟಿಕೊಂಡು ಬರುವ ಸ್ಟ್ರೋಕ್‌ಗಳಲ್ಲಿ ನಾಲ್ಕೈದಕ್ಕೆ ಒಂದು ಹೀಗೆ ಹೃದಯದಿಂದ ಹೊರಟ ಹೆಪ್ಪಿನದು. ಈ ತಾಳತಪ್ಪಿದ ಬಡಿತ ಇದ್ದವರಿಗೆ ಸ್ಟ್ರೋಕ್ ಅಪಾಯ ಸುಮಾರು 5 ಪಟ್ಟು ಜಾಸ್ತಿ.

ಹಾಗಾದರೆ ಮೊದಲ ಸಲ ಯಾಕೆ ಸಿಗಲಿಲ್ಲ? ಮಾಮೂಲಿ ಇಸಿಜಿ ಕಾಗದದಲ್ಲಿ ಇರುವುದು 10 ಸೆಕೆಂಡಿನ ಬಡಿತ. ದಿನಕ್ಕೆ ಸೆಕೆಂಡುಗಳು 86,400. ಈ ಕಾಯಿಲೆಯೋ, ಅನೇಕರಲ್ಲಿ ಬಂದು ಹೋಗಿ ಮಾಡುತ್ತದೆ. ಬೆಳಗ್ಗೆ ಒಂದು ಗಂಟೆ ಇದ್ದು ಮಾಯವಾದರೆ ಮಧ್ಯಾಹ್ನದ ಕಾಗದಕ್ಕೆ ಏನು ಗೊತ್ತಾಗಬೇಕು? ನಾರ್ಮಲ್ ಅಂದರೆ ಆ 10 ಸೆಕೆಂಡಿನಲ್ಲಿ ನಾರ್ಮಲ್, ಅಷ್ಟೇ. ಇದನ್ನು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹೊಟ್ಟೆ ಉರಿಯುವುದು ಇಲ್ಲೇ. ಹೆಚ್ಚು ದಿನ ಹುಡುಕಿದರೆ ಹೆಚ್ಚು ಸಿಗುತ್ತದೆ ಅನ್ನುವುದು ಹೊಸ ವಿಷಯವೇನಲ್ಲ. 2014ರಲ್ಲಿ ಬಂದ ಎಂಬ್ರೇಸ್ ಅಧ್ಯಯನದಲ್ಲಿ ಕಾರಣ ಗೊತ್ತಾಗದ ಸ್ಟ್ರೋಕ್ ಆದ 572 ಜನರನ್ನು ನೋಡಿದ್ದರು. 30 ದಿನ ಬಡಿತ ದಾಖಲಿಸಿದವರಲ್ಲಿ ನೂರಕ್ಕೆ 16 ಮಂದಿಗೆ ಈ ತೊಂದರೆ ಪತ್ತೆಯಾಯಿತು, ಬರೀ 24 ಗಂಟೆ ನೋಡಿದವರಲ್ಲಿ ನೂರಕ್ಕೆ 3. ಅದೇ ವರ್ಷದ ಕ್ರಿಸ್ಟಲ್ ಎಎಫ್ ಅಧ್ಯಯನದಲ್ಲಿ ಚರ್ಮದ ಕೆಳಗೆ ಪುಟ್ಟ ಯಂತ್ರ ಇಟ್ಟು 3 ವರ್ಷ ಕಾದಾಗ ನೂರಕ್ಕೆ 30 ಮಂದಿಯಲ್ಲಿ ಸಿಕ್ಕಿತು. ಓಡಾಡುತ್ತಲೇ ಬಡಿತ ದಾಖಲಿಸಲು ಅಮೆರಿಕದ ವಿಜ್ಞಾನಿ ನಾರ್ಮನ್ ಹೋಲ್ಟರ್ ಮೊದಲು ಮಾಡಿದ ಯಂತ್ರ 38 ಕಿಲೋ ತೂಕವಿತ್ತಂತೆ, ಬೆನ್ನಿಗೆ ಹೊತ್ತು ತಿರುಗಬೇಕಿತ್ತು! ಈಗ ಎದೆಗೆ ಅಂಟಿಸುವ ಪಟ್ಟಿ ಬಂದಿದೆ.

ಹುಡುಕುವ ಗೊಡವೆ ಯಾಕೆ, ಎಲ್ಲರಿಗೂ ರಕ್ತ ತೆಳು ಮಾಡುವ, ಆಸ್ಪಿರಿನ್‌ಗಿಂತ ಜೋರಾದ ಮಾತ್ರೆಯನ್ನೇ ಕೊಟ್ಟುಬಿಡಿ ಅಂತ ನನ್ನ ತಮ್ಮ ವಾದ ಮಾಡಿದ. ಅದನ್ನೂ ಮಾಡಿ ನೋಡಿದ್ದಾರೆ. 2018ರಲ್ಲಿ ರಿವರೋಕ್ಸಬಾನ್, 2019ರಲ್ಲಿ ಡಾಬಿಗಟ್ರಾನ್, ಅಂಥ ಈ ಎರಡೂ ಮಾತ್ರೆ ಕಾರಣ ಸಿಗದ ಸ್ಟ್ರೋಕ್‌ನವರಿಗೆ ಆಸ್ಪಿರಿನ್‌ಗಿಂತ ಹೆಚ್ಚೇನೂ ಕಾಪಾಡಲಿಲ್ಲ. ರಿವರೋಕ್ಸಬಾನ್ ತಗೊಂಡವರಲ್ಲಿ ರಕ್ತಸ್ರಾವ ಬೇರೆ ಜಾಸ್ತಿಯಾಗಿ ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಿದರು. ಆದರೆ ಫಿಬ್ರಿಲೇಷನ್ ಇದೆ ಅಂತ ಖಾತ್ರಿಯಾದವರಲ್ಲಿ ಲೆಕ್ಕ ಪೂರ್ತಿ ಬೇರೆ. ಅಲ್ಲಿ ಅದೇ ಜಾತಿಯ ಹಳೇ ಮಾತ್ರೆ ವಾರ್ಫರಿನ್ ಕೂಡ ಸ್ಟ್ರೋಕ್‌ಗಳನ್ನು ಮೂರರಲ್ಲಿ ಎರಡು ಪಾಲು ತಡೆಯುತ್ತದೆ, ಆಸ್ಪಿರಿನ್ ಅದರ ಹತ್ತಿರಕ್ಕೂ ಬರುವುದಿಲ್ಲ. ಹುಡುಕಬೇಕು ಅನ್ನುವುದು ಅದಕ್ಕೇ.

ಇನ್ನೊಂದು ವಿಷಯ, ಅವಸರದಲ್ಲಿ ತಪ್ಪು ತಿಳಿಯಬಾರದು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವುದು ಸ್ಟ್ರೋಕ್ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ ಸಮಯ. ಇಸಿಜಿ ಆಗಲಿ ಅಂತ ಅದನ್ನು ತಡ ಮಾಡುವ ಹಾಗಿಲ್ಲ. ಜೊತೆಗೆ, ಮಿದುಳಿಗೆ ಪೆಟ್ಟು ಬಿದ್ದರೆ ಇಸಿಜಿಯೇ ಏರುಪೇರಾಗುತ್ತದೆ, ಅದರ ಗೆರೆಯಲ್ಲಿ ಟಿ ಅಲೆ ಅನ್ನುವ ಉಬ್ಬು ತಲೆಕೆಳಗಾಗುತ್ತದೆ, ನೋಡಿದವರಿಗೆ ಹಾರ್ಟ್ ಅಟ್ಯಾಕ್ ಅನ್ನಿಸಬಹುದು. ಕೆಲವೊಮ್ಮೆ ನಿಜವಾಗಿಯೂ ಹಾರ್ಟ್ ಅಟ್ಯಾಕೇ ಆಗಿರುತ್ತದೆ, ಹೆಪ್ಪು ಅಲ್ಲಿಂದಲೇ ಹೊರಟಿರುತ್ತದೆ. ಹಾಗಾಗಿ ಕಾಗದ ಓದುವವರಿಗೂ ಇದು ಸುಲಭದ ಕೆಲಸವಲ್ಲ, ಅದನ್ನು ಒಪ್ಪುತ್ತೇನೆ.

ಆದರೆ ಸ್ಟ್ರೋಕ್ ಯಾಕೆ ಬಂತು ಅಂತ ಗೊತ್ತಾಗದೆ ರೋಗಿಯನ್ನು ಮನೆಗೆ ಕಳಿಸುವಾಗ, ಬಡಿತವನ್ನು ಇನ್ನೂ ಎಷ್ಟು ದಿನ ನೋಡಬೇಕು, ಯಾವಾಗ, ಹೇಗೆ ಅಂತ ಒಂದು ಸಾಲು ಬರೆದು ಕೊಡುವುದು ಕಷ್ಟವಾ? ಮನೆಯವರೂ ಅಷ್ಟೇ, ನಾರ್ಮಲ್ ಅಂದ ಕೂಡಲೇ ನನ್ನ ಹಾಗೆ ಕಾಗದ ಮಡಚಿ ಫೈಲಿಗೆ ಸೇರಿಸಬೇಡಿ, ಎಷ್ಟು ಹೊತ್ತು ನೋಡಿ ನಾರ್ಮಲ್ ಅಂದಿರಿ ಅಂತ ಕೇಳಿ. ಈ ಬಗ್ಗೆ ಹೃದಯದ ಡಾಕ್ಟರೊಬ್ಬರ ಕೈಲಿ ಬರೆಸಿ, ಸ್ಟ್ರೋಕ್ ಲೇಖನ ಹಾಕಿದ ಅದೇ ಪುಟದಲ್ಲಿ ಹಾಕುತ್ತೀರಾ?

– ನಿಮ್ಮ ಪತ್ರಿಕೆಯ ಓದುಗ