ಬೈರೂತಿನಲ್ಲಿ ಮುಚ್ಚಿದವರಿಗೆ, ತೆರೆದವರಿಗೆ

ಸಣ್ಣ ವಸ್ತುಸಂಗ್ರಹಾಲಯಗಳಿಗೆಂದು ಸಿದ್ಧಪಡಿಸುತ್ತಿದ್ದ ತುರ್ತು ರಕ್ಷಣೆಯ ಕನ್ನಡ ಕೈಪಿಡಿ ಈ ವಾರ ಅಚ್ಚಿಗೆ ಹೋಯಿತು. ಅದರಲ್ಲಿ ಯುದ್ಧಕಾಲದ ಅಧ್ಯಾಯ ನಿಂತಿರುವುದು ಒಂದೇ ಕಟ್ಟಡದ ಅನುಭವದ ಮೇಲೆ. ಅದು ಲೆಬನಾನ್ ರಾಜಧಾನಿ ಬೈರೂತಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಹಾಗಾಗಿ ಮೊದಲ ನಮಸ್ಕಾರ ಅಲ್ಲಿ ದುಡಿದವರಿಗೆ ಸಲ್ಲಬೇಕು.

1975ರ ಏಪ್ರಿಲ್‌ನಲ್ಲಿ ಅಂತರ್ಯುದ್ಧ ಶುರುವಾದ ಮೇಲೆ ನಗರವನ್ನು ಪೂರ್ವ, ಪಶ್ಚಿಮ ಎಂದು ಸೀಳಿದ ಗಡಿ ಈ ಕಟ್ಟಡದ ಬಾಗಿಲಲ್ಲೇ ಹಾದುಹೋಯಿತು. ಒಳಗಿದ್ದ ಕಲ್ಲಿನ ಶವಪೆಟ್ಟಿಗೆಗಳು ಟನ್ನುಗಟ್ಟಲೆ ತೂಕದವು. ಗುಂಡು ಹಾರುವ ರಸ್ತೆಯಲ್ಲಿ ಅವನ್ನು ಸಾಗಿಸುವುದು ಆಗದ ಮಾತು. ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮೌರಿಸ್ ಶೆಹಾಬ್, ಅವರ ಪತ್ನಿ ಓಲ್ಗಾ ಮತ್ತು ಜೊತೆಗಿದ್ದ ಕೆಲಸಗಾರರು ಎಲ್ಲವನ್ನೂ ಇದ್ದಲ್ಲೇ ಅಡಗಿಸಿದರು. ಗಾಜಿನ ಕಪಾಟುಗಳಲ್ಲಿದ್ದ ಸಣ್ಣ ವಸ್ತುಗಳನ್ನು ನೆಲಮಾಳಿಗೆಗೆ ಇಳಿಸಿ, ಅಲ್ಲಿಗೆ ಹೋಗುವ ದಾರಿಗೇ ಗೋಡೆ ಎಬ್ಬಿಸಿದರು. ನೆಲದಲ್ಲಿ ಕೂರಿಸಿದ್ದ ಮೊಸಾಯಿಕ್‌ಗಳ, ಅಂದರೆ ಬಣ್ಣದ ಕಲ್ಲುಚೂರು ಜೋಡಿಸಿದ ಚಿತ್ರಗಳ ಮೇಲೆ ಕಾಂಕ್ರೀಟ್ ಹಾಸಿದರು. ವಿಗ್ರಹಗಳಿಗೂ ಶವಪೆಟ್ಟಿಗೆಗಳಿಗೂ ಮರಳಿನ ಚೀಲ ಒಟ್ಟಿದರು. 1982ರಲ್ಲಿ ಪರಿಸ್ಥಿತಿ ತೀರಾ ಕೆಟ್ಟಾಗ ಭಾರದ ಕಲ್ಲುಗಳ ಸುತ್ತ ಮರ ಮತ್ತು ಕಾಂಕ್ರೀಟಿನ ಕವಚವನ್ನೇ ಕಟ್ಟಿದರು. ಲೆಬನಾನ್ ಕರಾವಳಿಯ ಪ್ರಾಚೀನ ಜನರಾದ ಫಿನೀಷಿಯನ್ನರ ಅಕ್ಷರಗಳ ಹಳೆಯ ಶಾಸನ ಹೊತ್ತ ರಾಜ ಅಹಿರಾಮನ ಶವಪೆಟ್ಟಿಗೆಯನ್ನು ಇಂದು ಕಣ್ಣಾರೆ ನೋಡಬಹುದಾದರೆ ಅದು ಆ ಕೈಗಳ ಪುಣ್ಯ.

ಮರಳಿನ ಚೀಲದ ಲೆಕ್ಕವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲೇ. ಒಂದು ಘನ ಮೀಟರ್ ಒಣ ಮರಳು ಸುಮಾರು 1,600 ಕಿಲೋ ತೂಗುತ್ತದೆ, ನೆನೆದರೆ ಇನ್ನೂ ಹೆಚ್ಚು. 60 ಸೆಂಟಿಮೀಟರ್ ದಪ್ಪ, 2 ಮೀಟರ್ ಎತ್ತರದ ಚೀಲದ ಗೋಡೆ ಎಂದರೆ ಪ್ರತಿ ಮೀಟರ್ ಉದ್ದಕ್ಕೆ ಹತ್ತಿರಹತ್ತಿರ 1,900 ಕಿಲೋ. ಮಹಡಿಯ ನೆಲ ಇದನ್ನು ಹೊರಲಾರದು. ನೆಲಮಟ್ಟದಲ್ಲಿ, ಅಡಿಯಲ್ಲಿ ನೆಲಮಾಳಿಗೆ ಇಲ್ಲದ ಕಡೆ ಮಾತ್ರ ಕಟ್ಟಬೇಕು. ಚೀಲವನ್ನು ಮುಕ್ಕಾಲು ಭಾಗವಷ್ಟೇ ತುಂಬಿ, ಬಾಯಿ ಮಡಚಿ, ಇಟ್ಟಿಗೆಯಂತೆ ಸಂದು ತಪ್ಪಿಸಿ ಮಲಗಿಸಬೇಕು. ಬಿಗಿಯಾಗಿ ತುಂಬಿದ ಚೀಲ ಗುಂಡಗಾಗಿ ಜಾರುತ್ತದೆ. ವಿಗ್ರಹಕ್ಕೂ ಚೀಲಕ್ಕೂ ನಡುವೆ ಮರದ ಚೌಕಟ್ಟು ನಿಲ್ಲಿಸಿ ಒಂದು ಗೇಣಾದರೂ ಜಾಗ ಬಿಡಬೇಕು. ಚೀಲವನ್ನು ಕಲ್ಲಿಗೇ ಒರಗಿಸಿದರೆ ಭಾರ ಕಲ್ಲಿನ ಮೇಲೆ ಬೀಳುತ್ತದೆ, ತೇವವೂ ಅದಕ್ಕೇ ಇಳಿಯುತ್ತದೆ. ಗೋಣಿಚೀಲ ಮಳೆಗೆ ಕೊಳೆಯುತ್ತದೆ, ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಪುಡಿಯಾಗುತ್ತದೆ. ಯಾವುದೇ ಇರಲಿ, ತಿಂಗಳಿಗೊಮ್ಮೆ ಮುಟ್ಟಿ ನೋಡಲೇಬೇಕು. ನಮ್ಮ ಕರಾವಳಿಯವರಿಗೆ ಒಂದು ಮಾತು: ಕಡಲ ಮರಳು ಬೇಡವೇ ಬೇಡ, ಅದರ ಉಪ್ಪು ನೇರ ಕಲ್ಲಿಗೆ ಹೋಗುತ್ತದೆ.

ಬೈರೂತಿನಲ್ಲಿ ಗುಂಡಿಗಿಂತ ಹೆಚ್ಚು ಕಾಲ ಕಾಡಿದ್ದು ಈ ಉಪ್ಪು ಮತ್ತು ನೀರೇ. ಕಟ್ಟಡ ಇರುವುದು ಅಂತರ್ಜಲ ಮೇಲಕ್ಕೇ ಇರುವ ಜಾಗದಲ್ಲಿ. 1991ರಲ್ಲಿ ಕದನ ನಿಂತಾಗ ಒಳಗೆಲ್ಲ ಮಳೆನೀರು, ಉಗ್ರಾಣದಲ್ಲಿ ನಿಂತ ನೀರು, 15 ವರ್ಷಕ್ಕೂ ಮೀರಿ ಗಾಳಿ ಕಾಣದ ವಸ್ತುಗಳು. ಕವಚದೊಳಗಿನ ಕಲ್ಲುಗಳ ಬುಡದಲ್ಲಿ ಉಪ್ಪು ತಿಂದ ಗುರುತು ಇತ್ತು. ನಮ್ಮ ಹಳೆಯ ಮನೆಗಳ ಗೋಡೆಯ ಬುಡದಲ್ಲಿ ಬಿಳಿ ಪುಡಿ ಮೂಡಿ ಗಾರೆ ಉದುರುತ್ತದಲ್ಲ, ಅದೇ ಕಾಯಿಲೆ. ನೆಲದ ನೀರು ಕಲ್ಲಿನೊಳಗೆ ಏರುವಾಗ ಕರಗಿದ ಉಪ್ಪನ್ನೂ ಹೊತ್ತು ತರುತ್ತದೆ. ನೀರು ಆರಿದಲ್ಲಿ ಉಪ್ಪು ಹರಳುಗಟ್ಟಿ ಹಿಗ್ಗಿ, ಕಲ್ಲಿನ ಮೈಯನ್ನು ಒಳಗಿನಿಂದಲೇ ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಇದಕ್ಕಾಗಿ ಅವರನ್ನು ದೂರುವುದು ಅನ್ಯಾಯ. ಯುದ್ಧ ಇಷ್ಟು ವರ್ಷ ಎಳೆಯುತ್ತದೆಂದು ಯಾರು ತಾನೇ ಎಣಿಸಿದ್ದರು? ಅವರು ತೆತ್ತ ಬೆಲೆಯಿಂದ ಕೈಪಿಡಿಗೆ ಬಂದ ಸಾಲುಗಳು ಇವು: ಕಲ್ಲಿನ ಅಡಿಗೂ ಸುತ್ತಲೂ ದಪ್ಪ ಪ್ಲಾಸ್ಟಿಕ್ ಹಾಳೆ ಇಡದೆ ಸಿಮೆಂಟು ಹಾಕಬೇಡಿ. ಕವಚಕ್ಕೆ ಕೆಳಗೊಂದು, ಎದುರು ಬದಿಯ ಮೇಲ್ಭಾಗದಲ್ಲೊಂದು ಜಾಲರಿ ಹಾಕಿದ ಗಾಳಿಕಿಂಡಿ ಬಿಡಿ.

ಇನ್ನೊಂದು ನಷ್ಟ ಬೆಂಕಿಯದು. ಶೆಲ್ ಬಿದ್ದು ಹೊತ್ತಿದ ಬೆಂಕಿಯಲ್ಲಿ ಪಕ್ಕದ ಭಾಗದಲ್ಲಿದ್ದ ನಕ್ಷೆ, ಫೋಟೋ, ದಾಖಲೆಗಳ ಜೊತೆ ವಸ್ತುಗಳಿದ್ದ 45 ಪೆಟ್ಟಿಗೆಗಳೂ ಸುಟ್ಟುಹೋದವು. ವಸ್ತುವೂ ಅದರ ದಾಖಲೆಯೂ ಒಂದೇ ಸೂರಿನಡಿ ಇರಬಾರದು. ಪಟ್ಟಿಯ ಮೂರು ಪ್ರತಿ ಮಾಡಿ, ಅದರಲ್ಲಿ ಒಂದನ್ನು ಬೇರೆ ಊರಿನಲ್ಲಿಡಿ.

ಈಗ ತೆರೆದವರ ಋಣ. ಗೋಡೆಗಳನ್ನು ಕೂಡಲೇ ಒಡೆಯೋಣ ಎಂಬ ಮಾತು ಬಂದಾಗ ಆಗಿನ ಮಹಾನಿರ್ದೇಶಕ ಕಮೀಲ್ ಅಸ್ಮರ್ ಒಪ್ಪಲಿಲ್ಲ. ಕಟ್ಟಡಕ್ಕೆ ಬಾಗಿಲಿಲ್ಲ, ಕಿಟಕಿಯಿಲ್ಲ, ತೆರೆದಿಟ್ಟರೆ ಕಳ್ಳರ ಪಾಲು ಎಂಬುದು ಅವರ ಕಾರಣ. ಲೆಬನಾನಿನ ಪತ್ರಕರ್ತ ಘಸ್ಸಾನ್ ತುಯೇನಿ ಅವರ ಕೊಡುಗೆಯಿಂದ ದೊಡ್ಡ ಮುಂಬಾಗಿಲು ಬಂತು. ಬಾಗಿಲು, ಕಿಟಕಿ ಕೂತ ಮೇಲೆಯೇ ನೆಲಮಾಳಿಗೆಯ ಗೋಡೆ ಒಡೆದದ್ದು. ಇಡೀ ಕಥೆಯಲ್ಲಿ ನಮಗೆ ಅತಿ ದೊಡ್ಡದೆನಿಸುವುದು ಈ ತಾಳ್ಮೆ. 1997ರ ನವೆಂಬರ್‌ನಲ್ಲಿ ಒಂದಷ್ಟು ಭಾಗ, 1999ರ ಅಕ್ಟೋಬರ್‌ನಲ್ಲಿ ಮತ್ತಷ್ಟು ಜನರಿಗೆ ತೆರೆಯಿತು. ನೆಲಮಾಳಿಗೆ ಪೂರ್ತಿ ಸಜ್ಜಾಗಿ ಮನುಷ್ಯಾಕಾರದ 31 ಶವಪೆಟ್ಟಿಗೆಗಳು ಸಾಲಾಗಿ ನಿಂತದ್ದು 2016ರಲ್ಲಿ, ಇಟಲಿಯ ನೆರವಿನಿಂದ.

ನೆನೆದ ವಸ್ತುವನ್ನು ಆರಿಸುವುದರಲ್ಲೂ ಅವಸರ ಸಲ್ಲದು. ಫ್ಯಾನ್ ಹಚ್ಚಿ ಆರಿಸಿದರೆ ಉಪ್ಪು ಒಮ್ಮೆಗೇ ಹೊರಗೆ ನುಗ್ಗಿ ಮೈ ಸಿಡಿಸುತ್ತದೆ. ಕಂಚಿನ ಮೇಲೆ ತಿಳಿಹಸಿರು ಪುಡಿ ಕಂಡರೆ ಆ ವಸ್ತುವನ್ನು ಬೇರೆ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ, ತೇವಾಂಶ ಶೇ. 40ಕ್ಕಿಂತ ಕೆಳಗಿರುವಂತೆ ಇಡಬೇಕು. ದಂತಕ್ಕೂ ಮರಕ್ಕೂ ಅದೇ ಉಪಚಾರ ಮಾಡಿದರೆ ಬಿರುಕು ಬಿಡುತ್ತವೆ. ಅವು ಬೇರೆ ಕೋಣೆಯಲ್ಲಿ, ವಾರಗಟ್ಟಲೆ, ನಿಧಾನವಾಗಿ ಆರಬೇಕು.

ಬೈರೂತಿನ ಆ ಕಟ್ಟಡದ ಗೋಡೆಯ ಮೇಲಿದ್ದ ‘ಒಳ್ಳೆಯ ಕುರುಬ’ ಎಂಬ ಮೊಸಾಯಿಕ್‌ನ ಕೆಳಗಿನ ಎಡಮೂಲೆಯಲ್ಲಿ ಒಂದು ತೂತಿದೆ. ಮರೆಯಲ್ಲಿ ಕೂತು ಗುಂಡು ಹೊಡೆಯಲು ಬಂದೂಕುಧಾರಿ ಕೊರೆದದ್ದು. ಅದರ ಚಿತ್ರವನ್ನು ಆ ಅಧ್ಯಾಯದ ಮೊದಲ ಪುಟಕ್ಕೆ ಇಟ್ಟಿದ್ದೇವೆ.

ಕೊನೆಗೆ ಇಲ್ಲಿಯವರಿಗೆ. ಚೀಲದ ಗೋಡೆಯ ಭಾಗವನ್ನು ಓದಿ ತಿದ್ದಿದ ಗಾರೆ ಮೇಸ್ತ್ರಿಯವರಿಗೆ ವಂದನೆ. ರಕ್ಷಣಾ ಪೆಟ್ಟಿಗೆಯ ಚಿತ್ರ ನೋಡಿದ ಕೂಡಲೇ ಅದರಲ್ಲಿದ್ದ ಎಲ್ಲ ಮೊಳೆಗಳನ್ನೂ ತೆಗೆಸಿ ಸ್ಕ್ರೂ ಬರೆಸಿದ ಬಡಗಿಯವರಿಗೂ ವಂದನೆ. ಸುತ್ತಿಗೆಯ ಪ್ರತಿ ಏಟೂ ಒಳಗಿನ ವಸ್ತುವಿಗೆ ತಾಗುತ್ತದೆ, ಮೊಳೆ ಕೀಳುವಾಗ ಇನ್ನೂ ಜೋರಾಗಿ ತಾಗುತ್ತದೆ ಎಂದರು ಅವರು. ತೆರೆಯಬೇಕಾದ ಬದಿಗೆ ಬಾಣದ ಗುರುತು ಹಾಕಿ, ಸ್ಕ್ರೂಗಳ ಸಂಖ್ಯೆಯನ್ನು ಹಲಗೆಯ ಮೇಲೇ ಬರೆಯಿರಿ ಎಂಬುದೂ ಅವರದೇ ಸಲಹೆ. ಅದು ಹಾಗೆಯೇ ಅಚ್ಚಾಗಿದೆ.